ಸದಸ್ಯೆ ನಂಬರ್ ನೂರ ಹದಿನೆಂಟು

ಹೊನ್ನಿಕೊಪ್ಪ ಎಸ್ಟೇಟ್, ಪಾಲಿಬೆಟ್ಟ
೧೪-೯-೧೯೫೮

ಕಾರ್ಯದರ್ಶಿಗಳು,
ಕೊಡಗು ತೋಟ ನೌಕರರ ಆರೋಗ್ಯ ವಿಮಾ ನಿಧಿ, ಮಡಿಕೇರಿ, ಇವರಿಗೆ

ಮಾನ್ಯರೆ,

ನಾನು ಈ ತೋಟದಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ನಿಧಿ ಶುರುವಾದ ದಿನದಿಂದ ಅದರ ಸದಸ್ಯ. ಈ ಎರಡು ವರ್ಷದಲ್ಲಿ ತಲೆನೋವಿನ ಒಂದು ಮಾತ್ರೆಯನ್ನೂ ನಿಮ್ಮಿಂದ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ.

ನನ್ನ ಮಗಳು ಪೂವಮ್ಮನಿಗೆ ಏಳು ವರ್ಷ. ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ನಾಲ್ಕು ದಿನ ಜ್ವರ ಬಂತು. ಐದನೇ ದಿನ ಜ್ವರ ಇಳಿಯಿತು, ಎಡಗಾಲಿನ ಬಲವೂ ಹೋಯಿತು. ಪೋಲಿಯೋ ಎಂದರು. ಮೈಸೂರಿನಲ್ಲಿ ಎರಡು ತಿಂಗಳು ಇಟ್ಟುಕೊಂಡು, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ಕಳಿಸಿದರು. ಪಟ್ಟಿ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ. ಸೊಂಟದಲ್ಲೇ ಶಕ್ತಿಯಿಲ್ಲ.

ನಮ್ಮ ಡಿಸ್ಪೆನ್ಸರಿಗೆ ವಾರಕ್ಕೆರಡು ಸಲ ಬರುವ ಡಾಕ್ಟರ್ ನಂಜಪ್ಪನವರು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವರು. ಕಾಲು ಸೋತ ಸಿಪಾಯಿಗಳನ್ನು ಕುದುರೆಯ ಮೇಲೆ ಕೂರಿಸಿ ನಡೆಸುವುದನ್ನು ಅಲ್ಲಿ ನೋಡಿದ್ದರಂತೆ. ಕುದುರೆ ನಡೆಯುವಾಗ ಮೇಲೆ ಕೂತವರ ಸೊಂಟವೂ ನಡೆಯುತ್ತದೆ ಎಂಬುದು ಅವರ ಮಾತು. ತೋಟದಲ್ಲಿ ಹಳೇ ದೊರೆಗಳ ಕಾಲದ ಒಂದು ಹೆಣ್ಣು ಕುದುರೆ ಇದೆ. ಏಪ್ರಿಲಿನಿಂದ ದಿನಾ ಬೆಳಿಗ್ಗೆ ಒಂದು ಗಂಟೆ ಅದರ ಮೇಲೆ ಕೂರಿಸುತ್ತಿದ್ದೇವೆ. ಮಳೆಗಾಲದಲ್ಲಿ ಖಾಲಿ ಗೋದಾಮಿನೊಳಗೇ ಸುತ್ತು ಹಾಕಿಸಿದೆವು. ಮೊದಲು ಎರಡೂ ಕಡೆ ಜನ ಹಿಡಿಯಬೇಕಿತ್ತು. ಈಗ ಒಬ್ಬಳೇ ಕೂರುತ್ತಾಳೆ. ಇನ್ನೊಂದು ವರ್ಷ ಬಿಡದೆ ಮಾಡಿದರೆ ನಡೆದಾಳು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಈಗ ಸಂಗತಿ ಏನೆಂದರೆ, ತೋಟಕ್ಕೆ ಜೀಪು ಬಂದಿದೆ. ಪುತ್ತರಿ ಹಬ್ಬ ಕಳೆದ ಮೇಲೆ ಕುದುರೆಯನ್ನು ಮೈಸೂರಿನ ಒಬ್ಬ ಟಾಂಗಾದವನಿಗೆ ಕೊಡುವುದೆಂದು ಮ್ಯಾನೇಜರರು ಮಾತು ಕೊಟ್ಟಾಗಿದೆ. ಅದರ ಮೇವು ಹುರುಳಿಯ ಖರ್ಚನ್ನು ಬೇರೆ ಯಾರಾದರೂ ಹೊತ್ತರೆ ಮಾತ್ರ ಇಟ್ಟುಕೊಳ್ಳುತ್ತಾರಂತೆ. ನನ್ನ ಕೈಯಲ್ಲಿದ್ದದ್ದೆಲ್ಲ ಮೈಸೂರಿನ ಆಸ್ಪತ್ರೆಗೇ ಮುಗಿದಿದೆ. ಆದ್ದರಿಂದ ಈ ಖರ್ಚನ್ನು ಚಿಕಿತ್ಸೆಯ ವೆಚ್ಚವೆಂದು ನಿಧಿ ಕೊಡಬೇಕು.

ನಿಮ್ಮ ಅರ್ಜಿಯ ಆರನೇ ಅಂಕಣದಲ್ಲಿ ಔಷಧದ ಹೆಸರು ಕೇಳಿದ್ದೀರಿ. ಕುದುರೆ ಎಂದು ಬರೆದಿದ್ದೇನೆ. ಬೇರೆ ಹೆಸರು ನನಗೆ ತಿಳಿಯದು.

ಇತಿ,
ಕುಶಾಲಪ್ಪ, ರೈಟರ್

•

ಮಡಿಕೇರಿ
೨೪-೯-೧೯೫೮

ಶ್ರೀ ಕುಶಾಲಪ್ಪ, ರೈಟರ್, ಹೊನ್ನಿಕೊಪ್ಪ ಎಸ್ಟೇಟ್, ಇವರಿಗೆ

ಮಾನ್ಯರೆ,

ತಮ್ಮ ಅರ್ಜಿ ತಲುಪಿದೆ. ನಿಧಿಯ ನಿಯಮಗಳ ಪ್ರಕಾರ ಮಾತ್ರೆ, ಟಾನಿಕ್ಕು, ಮಾಲೀಸಿನ ಎಣ್ಣೆ, ಕಾಲಿನ ಪಟ್ಟಿ, ಊರುಗೋಲು ಮತ್ತು ಆಸ್ಪತ್ರೆಗೆ ಹೋಗಿ ಬರುವ ಬಸ್ ಚಾರ್ಜು, ಇವುಗಳಿಗೆ ಹಣ ಕೊಡಬಹುದು. ಕುದುರೆ ಈ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅರ್ಜಿಯನ್ನು ವಿಷಾದದಿಂದ ಹಿಂದಿರುಗಿಸಿದೆ.

ಬೇರೊಂದು ವಿಷಯ. ತಮ್ಮ ಕಡತ ತೆಗೆದಾಗ ತಮ್ಮ ತೋಟದ ಸದಸ್ಯರ ಪಟ್ಟಿಯಲ್ಲಿ ಒಂದು ಲೋಪ ಕಂಡಿತು. ಸದಸ್ಯೆ ನಂಬರ್ ನೂರ ಹದಿನೆಂಟು, ದೊಡ್ಡಿ, ಹೆಣ್ಣು, ವಯಸ್ಸು ಹದಿನಾಲ್ಕು. ಇಷ್ಟು ಎಳೆಯ ಪ್ರಾಯದವರು ದುಡಿಯಬೇಕಾದರೆ ವೈದ್ಯರಿಂದ ವಯಸ್ಸಿನ ಮತ್ತು ದೇಹದಾರ್ಢ್ಯದ ಸರ್ಟಿಫಿಕೇಟು ಬೇಕು. ಎರಡು ವರ್ಷವಾದರೂ ಅದು ಬಂದಿಲ್ಲ. ಸದರಿ ಹುಡುಗಿಯನ್ನು ತಕ್ಷಣ ವೈದ್ಯರಿಗೆ ತೋರಿಸಿ ಸರ್ಟಿಫಿಕೇಟು ಕಳಿಸತಕ್ಕದ್ದು.

ಇತಿ ತಮ್ಮ ವಿಶ್ವಾಸಿ,
ಗಜಾನನ, ಕಾರ್ಯದರ್ಶಿ

•

ಹೊನ್ನಿಕೊಪ್ಪ
೧-೧೦-೧೯೫೮

ಕಾರ್ಯದರ್ಶಿಗಳೆ,

ದೊಡ್ಡಿಗೆ ಸರ್ಟಿಫಿಕೇಟು ಕೊಡಲು ಡಾಕ್ಟರ್ ನಂಜಪ್ಪನವರಿಂದ ಆಗದು. ಹಲ್ಲು ನೋಡಿ ವಯಸ್ಸು ಹೇಳುವವರು ಬೇಕು. ದೊಡ್ಡಿ ಎಂದರೆ ನಮ್ಮ ಕುದುರೆ. ಅದನ್ನು ನೋಡಿಕೊಳ್ಳುವ ಜವರಯ್ಯ ತನ್ನ ಅಜ್ಜಿಯ ಹೆಸರಿಟ್ಟಿದ್ದಾನೆ.

ತಪ್ಪು ನನ್ನದೇ. ತೋಟದ ಪದ್ಧತಿ ನಿಮಗೆ ತಿಳಿದಿರಲಿಕ್ಕಿಲ್ಲ. ಇಲ್ಲಿ ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಹೆಸರಿಲ್ಲದೆ ಸ್ಟೋರಿನಿಂದ ಒಂದು ಹಿಡಿ ಧಾನ್ಯ ಹೊರಗೆ ಬರುವುದಿಲ್ಲ. ಕುದುರೆಯ ಹುರುಳಿಗೂ ಒಂದು ಹೆಸರು ಬೇಕಿತ್ತು. ನನಗಿಂತ ಹಿಂದಿನ ರೈಟರು ಅದನ್ನು ಆಳುಗಳ ನಡುವೆ ಸೇರಿಸಿದ್ದರು. ನಿಮ್ಮ ನಿಧಿಯವರು ಶುರುವಿನಲ್ಲಿ ಮೂರು ದಿನದೊಳಗೆ ಎಲ್ಲರ ಪಟ್ಟಿ ಬೇಕು ಎಂದು ಕುತ್ತಿಗೆಯ ಮೇಲೆ ಕೂತಿರಿ. ಕಾಫಿ ಹಣ್ಣಿನ ಪಿಕ್ಕಿಂಗ್ ಕಾಲ ಬೇರೆ. ಇದ್ದ ಹೆಸರನ್ನೆಲ್ಲ ಇಳಿಸಿ ಕಳಿಸಿದೆ. ತಲೆಗಿಷ್ಟು ಎಂದು ಎಸ್ಟೇಟು ಕಟ್ಟುವ ಚಂದಾ ದೊಡ್ಡಿಯ ತಲೆಗೂ ಹೋಗಿದೆ. ನೀವು ಎಲ್ಲದಕ್ಕೂ ರಸೀತಿ ಕೊಟ್ಟಿದ್ದೀರಿ.

ಇದನ್ನು ಮುಚ್ಚಿಡಬಹುದಿತ್ತು. ಹುಡುಗಿ ಕೆಲಸ ಬಿಟ್ಟು ಊರಿಗೆ ಹೋದಳು ಎಂದು ಒಂದು ಗೆರೆ ಬರೆದರೆ ಮುಗಿಯುತ್ತಿತ್ತು. ಮಗಳ ಔಷಧ ಕೇಳುವ ಕೈಯಲ್ಲಿ ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಮ್ಯಾನೇಜರರಿಗೆ ದೂರು ಕೊಡುವುದಾದರೆ ಕೊಡಿ.

ಇನ್ನು ಮುಂದಿನದು ಕಾರ್ಯದರ್ಶಿಗಳಿಗಲ್ಲ. ಗಜಾನನ, ರಸೀತಿಗಳೆಲ್ಲ ಮ್ಯಾನೇಜರರ ಕೈಗೇ ಹೋಗುತ್ತವೆ; ಈ ಕಾಗದದ ಕೆಳಗಿನ ಸಹಿ ನೋಡಿಯೇ ನನಗೆ ಗೊತ್ತಾದದ್ದು. ಆ ಕುರ್ಚಿಯಲ್ಲಿ ನೀನಿದ್ದೀಯೆಂದು ಮೊದಲೇ ತಿಳಿದಿದ್ದರೆ ಅರ್ಜಿ ಹಾಕುತ್ತಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಮೂರ್ನಾಡಿನ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ನಿನ್ನನ್ನು ಮೈಸೂರಿನವರ ಬಾಲ ಎಂದೆ. ನೀನು ನನ್ನನ್ನು ಬಾವಿಯ ಕಪ್ಪೆ ಎಂದೆ. ಕೊಡಗು ಮೈಸೂರಿಗೆ ಸೇರಿತು, ನಾವು ಬೇರೆಯಾದೆವು. ಈಗ ನನ್ನ ಅರ್ಜಿ ನಿನ್ನ ಮೇಜಿನ ಮೇಲೆ. ನಿನಗೆ ಖುಷಿಯಾಗಿದ್ದರೆ ಆಗಲಿ. ಆದರೆ ಯಾವ ರಾಜ್ಯಕ್ಕೆ ಸೇರಬೇಕೆಂದು ಮಗುವನ್ನು ಯಾರೂ ಕೇಳಿರಲಿಲ್ಲ, ಅದನ್ನು ನೆನಪಿಡು.

ಕುಶಾಲಪ್ಪ

•

ಮಡಿಕೇರಿ
೭-೧೦-೧೯೫೮

ಕುಶಾಲ,

ಇದು ಕಚೇರಿಯ ಕಾಗದವಲ್ಲ. ಮನೆಯಲ್ಲಿ ಕೂತು, ನನ್ನದೇ ಶಾಯಿಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಿನ್ನ ಕಾಗದದ ಮೊದಲ ಸಾಲು ಓದಿ ನಾನು ಕಚೇರಿಯಲ್ಲೇ ಜೋರಾಗಿ ನಕ್ಕೆ. ಮನೆಗೆ ಬಂದು ನನ್ನಾಕೆ ಕಾತ್ಯಾಯನಿಗೆ ಓದಿ ಹೇಳುವಾಗ ಮತ್ತೆ ನಕ್ಕೆ. ನಾನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು ಎಂದು ಅವಳೇ ಕೇಳಿದಳು. ನಿನ್ನ ಕಾಗದದ ಕೊನೆಯ ಭಾಗವನ್ನು ಅವಳಿಗೆ ಓದಲಿಲ್ಲ.

ಖುಷಿಯಾಗಿದ್ದರೆ ಆಗಲಿ ಎಂದು ಬರೆದಿದ್ದೀಯ. ನನಗೆ ಖುಷಿಯಾಗಲಿಲ್ಲ, ಮಾರಾಯ. ನಿನಗೆ ಮಾನ್ಯರೆ ಎಂದು ಬರೆಯುವಾಗಲೇ ಪೆನ್ನು ನಿಂತಿತ್ತು. ಕಳೆದ ವರ್ಷ ಮಗುವಿಗೆ ಹೀಗಾಯಿತೆಂದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ ದಿನವೇ ನಾನು ನಿನಗೆ ಕಾಗದ ಹಾಕಿದ್ದೆ. ಅದು ಒಡೆಯದೆ ವಾಪಸು ಬಂತು. ಲಕೋಟೆಯ ಮೇಲೆ ‘ಬೇಕಿಲ್ಲ’ ಎಂದಿದ್ದ ಅಕ್ಷರ ನಿನ್ನದೇ. ದೂರುವುದಕ್ಕೆ ಹೇಳುತ್ತಿಲ್ಲ. ನಾನು ಸುಮ್ಮನೆ ಇರಲಿಲ್ಲ ಎಂಬುದಷ್ಟೇ ನಿನಗೆ ತಿಳಿಯಲಿ.

ಈಗ ಕೆಲಸದ ಮಾತು. ನಿಧಿಯ ಪಟ್ಟಿಯಲ್ಲಿ ಕುದುರೆ ಸೇರಿದೆ ಎಂಬುದನ್ನು ನಾನು ಸಮಿತಿಗೆ ವರದಿ ಮಾಡಲೇಬೇಕು. ನಿನ್ನ ಮೇಲೆ ಬಂದದ್ದು ನನ್ನ ಮೇಲೂ ಬರುತ್ತದೆ, ಎರಡು ವರ್ಷ ರಸೀತಿಗೆ ಸಹಿ ಹಾಕಿದವನು ನಾನು. ವರದಿ ಬರೆಯುವ ಮೊದಲು ಕಣ್ಣಾರೆ ನೋಡಬೇಕು. ಬರುವ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ತನಿಖೆಗೆ ಬರುವ ಅಧಿಕಾರಿಯಾಗಿ ಬರುತ್ತೇನೆ, ಸ್ನೇಹಿತನಾಗಿ ಅಲ್ಲ. ನೀನು ಕಾಫಿ ಕೊಡಬೇಕಾಗಿಲ್ಲ.

ಗಜಾನನ

•

ಹೊನ್ನಿಕೊಪ್ಪ
೧೫-೧೦-೧೯೫೮

ಗಜಾನನ ಅಣ್ಣನವರಿಗೆ ಯಮುನ ಮಾಡುವ ನಮಸ್ಕಾರಗಳು.

ಇವರು ಬರೆಯುವುದಿಲ್ಲ, ನನಗೆ ಗೊತ್ತು. ಅದಕ್ಕೇ ನಾನು ಬರೆಯುತ್ತಿದ್ದೇನೆ. ನೀವು ಅಷ್ಟು ದೂರದಿಂದ ಬಂದಿರಿ, ಇವರು ಮನೆಯಲ್ಲಿರಲಿಲ್ಲ. ತುರ್ತು ಕೆಲಸವಿದೆಯೆಂದು ಹೇಳಿ ಹೋದರು ಎಂದು ನಾನು ನಿಮಗೆ ಸುಳ್ಳು ಹೇಳಿದೆ. ಹಣ್ಣು ಕೊಯ್ಲು ಇನ್ನೂ ಶುರುವಾಗದ ಈ ಕಾಲದಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ ಏನು ತುರ್ತು ಕೆಲಸ, ಅಣ್ಣ. ನೀವು ಬಸ್ಸು ಹತ್ತುವವರೆಗೂ ಅಲ್ಲೇ ಬಾಗಿಲು ಹಾಕಿ ಕೂತಿದ್ದರು. ಆದರೆ ಕಿಟಕಿಯ ಸಂದಿಯಿಂದ ಎಲ್ಲ ನೋಡಿದ್ದಾರೆ. ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತು ನಿಂತಿದ್ದಿರಿ, ಎಲ್ಲವನ್ನೂ ನನಗೇ ಹೇಳಿದರು.

ನೀವು ಕಣದ ಅಂಚಿನಲ್ಲಿ ಕಡತ ಹಿಡಿದು ನಿಂತಿದ್ದು ನೋಡಿ ನನಗೆ ಮೊದಲು ಹೆದರಿಕೆಯಾಯಿತು. ಜವರಯ್ಯ ಕಂಬಳಿ ಹಾಸಿ ಮಗುವನ್ನು ಎತ್ತಿ ಕೂರಿಸಿದ. ದೊಡ್ಡಿ ಅವಳು ಸರಿಯಾಗಿ ಕೂತಳೋ ಇಲ್ಲವೋ ಎಂದು ಕಾದು, ಆಮೇಲೆ ಹೆಜ್ಜೆ ಇಟ್ಟಿತು. ದಿನಾ ಹಾಗೇ ಮಾಡುತ್ತದೆ, ಯಾರೂ ಕಲಿಸಿದ್ದಲ್ಲ. ಮೂರನೇ ಸುತ್ತಿನಲ್ಲಿ ನೀವು ಕನ್ನಡಕ ತೆಗೆದಿರಿ. ಪೂವಿ ನಿಮ್ಮ ಹತ್ತಿರ ಕುದುರೆ ನಿಲ್ಲಿಸಿ, “ನಿಮ್ಮ ಕೈ ಮೂಸಿಕೆ ಅದ್ಕೆ ಆಸೆ ಉಟ್ಟು, ಹೆದರ್ಬೇಡಿ” ಎಂದಳು. ನೀವು ಕೈ ಚಾಚಿದಿರಿ. ದೊಡ್ಡಿ ಮೂಸಿ ಮುಗಿಸಿದ ಮೇಲೂ ಆ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಕಾಫಿ ಬೇಡ ಎಂದವರು ಎರಡು ಲೋಟ ಕುಡಿದಿರಿ. ಅದು ನನಗೆ ದೊಡ್ಡ ಸಂತೋಷ. ನಿಧಿಯವರು ಕೊಡಲಿ ಬಿಡಲಿ, ನೀವು ಬಂದು ಮಗುವನ್ನು ನೋಡಿದಿರಲ್ಲ, ಆ ಉಪಕಾರವನ್ನು ನಾನು ಮರೆಯುವವಳಲ್ಲ. ಇವರ ಮೇಲೆ ಬೇಜಾರು ಮಾಡಬೇಡಿ. ನಾಚಿಕೆಯಾದಾಗ ಕೋಪ ಮಾಡುವ ಗಂಡಸರ ಪೈಕಿ ಇವರು. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, ಅವನು ತೆಳ್ಳಗಾಗಿದ್ದಾನಲ್ಲವೇ ಎಂದು.

ಪುತ್ತರಿಗೆ ಇನ್ನು ಹೆಚ್ಚು ದಿನವಿಲ್ಲ. ಟಾಂಗಾದವನು ಒಂದು ಸಲ ಬಂದು ದೊಡ್ಡಿಯ ಕಾಲು ಮುಟ್ಟಿ ನೋಡಿ ಹೋದ. ಆ ದಿನ ಮಗು ಊಟ ಮಾಡಲಿಲ್ಲ.

ನಿಮ್ಮ ತಂಗಿ,
ಯಮುನ

•

ಮಡಿಕೇರಿ
೨೦-೧೧-೧೯೫೮

ಕುಶಾಲ,

ಕಚೇರಿಯ ಆದೇಶ ಬೇರೆ ಲಕೋಟೆಯಲ್ಲಿ ನಿನ್ನ ಮ್ಯಾನೇಜರರಿಗೆ ಹೋಗಿದೆ. ನಡೆದದ್ದನ್ನು ನಾನೇ ಹೇಳುತ್ತೇನೆ, ಇಲ್ಲದಿದ್ದರೆ ನೀನು ಅರ್ಧ ಕೇಳಿ ಅರ್ಧ ಜಗಳ ಮಾಡುತ್ತೀಯ.

ಸಮಿತಿಯಲ್ಲಿ ಐದು ಜನ. ನಾನು ಏನನ್ನೂ ಮುಚ್ಚಲಿಲ್ಲ. ನಮ್ಮ ಪಟ್ಟಿಯಲ್ಲಿ ಒಂದು ಕುದುರೆ ಇದೆ, ಎರಡು ವರ್ಷದಿಂದ ಚಂದಾ ಕಟ್ಟುತ್ತಿದೆ, ಇದುವರೆಗೆ ಕಾಯಿಲೆ ಎಂದು ಒಂದು ಸಲವೂ ನಮ್ಮ ಬಳಿ ಬಂದಿಲ್ಲ, ಇಷ್ಟು ಒಳ್ಳೆಯ ಸದಸ್ಯರು ನಮಗೆ ಬೇರೆ ಯಾರೂ ಇಲ್ಲ ಎಂದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಜನ ಸ್ವಲ್ಪ ಕೇಳುವ ಸ್ಥಿತಿಯಲ್ಲಿರುತ್ತಾರೆ. ಆಗ ಇಪ್ಪತ್ತೆರಡನೇ ನಿಯಮ ಓದಿದೆ. ರೋಗಿ ಆಧಾರವಿಲ್ಲದೆ ಓಡಾಡಲಾರ ಎಂದು ವೈದ್ಯರು ಬರೆದುಕೊಟ್ಟರೆ, ಅದೇ ತೋಟದ ಸದಸ್ಯರೊಬ್ಬರನ್ನು ಸಹಾಯಕರೆಂದು ಒಪ್ಪಿ, ಅವರ ಊಟದ ಭತ್ಯೆಯನ್ನು ನಿಧಿ ಕೊಡಬಹುದು. ಇಲ್ಲಿ ರೋಗಿ ಇದ್ದಾಳೆ, ವೈದ್ಯರ ಮಾತಿದೆ, ಸದಸ್ಯೆಯೂ ಇದ್ದಾಳೆ.

ಒಬ್ಬ ದೊಡ್ಡ ಪ್ಲಾಂಟರು ಕೋಪಗೊಂಡರು. ನಾಳೆ ಇನ್ನೊಬ್ಬ ಆನೆಗೆ ಕೇಳಿದರೆ ಏನು ಮಾಡುತ್ತೀರಿ ಎಂದರು. ಆನೆಯ ಮೇಲೆ ಕೂತು ಮಗುವೊಂದು ನೆಟ್ಟಗಾಗುವುದಾದರೆ ಆ ಅರ್ಜಿಯನ್ನೂ ನಾನೇ ತರುತ್ತೇನೆ ಎಂದೆ. ಆಮೇಲೆ ನಿಯಮದ ಮಾತು ಬಿಟ್ಟೆ. ನಾನು ಕಣದ ಅಂಚಿನಲ್ಲಿ ನಿಂತು ನೋಡಿದ್ದನ್ನು ಹೇಳಿದೆ. ಹೇಳುತ್ತಾ ಕಡತ ಮುಚ್ಚಿಟ್ಟೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಕಡತ ನೋಡದೆ ಮಾತಾಡಿದ್ದು ಅದೇ ಮೊದಲು.

ಮೂರು ಜನ ಪರ, ಇಬ್ಬರು ವಿರೋಧ. ಒಂದು ವರ್ಷಕ್ಕೆ ಮಂಜೂರಾಗಿದೆ. ಎರಡು ಷರತ್ತು. ತಿಂಗಳಿಗೊಮ್ಮೆ ನೀನು ವರದಿ ಕಳಿಸಬೇಕು. ವರ್ಷ ಮುಗಿಯುವಾಗ ಮಗುವನ್ನು ಮಡಿಕೇರಿಗೆ ಕರೆತಂದು ನಿಧಿಯ ವೈದ್ಯರಿಗೆ ತೋರಿಸಬೇಕು. ಪ್ರಯೋಜನ ಕಾಣದಿದ್ದರೆ ಕುದುರೆಗೆ ಯಾರೂ ಮುಂದೆಂದೂ ಹಣ ಕೇಳಕೂಡದು ಎಂದು ವಿರೋಧದವರು ಬರೆಸಿಕೊಂಡಿದ್ದಾರೆ.

ಇದರೊಂದಿಗೆ ನಿನಗೆ ಒಂದು ಎಚ್ಚರಿಕೆ ಪತ್ರವೂ ಇದೆ. ಕುದುರೆಯನ್ನು ಆಳೆಂದು ಬರೆದದ್ದಕ್ಕೆ. ನನಗೂ ಒಂದು ಸಿಕ್ಕಿದೆ. ಜೋಪಾನವಾಗಿಡು.

ನಿನ್ನ,
ಗಜಾನನ

•

ಹೊನ್ನಿಕೊಪ್ಪ
೩೦-೧೧-೧೯೫೮

ಗಜ,

ನನಗೆ ಜಗಳ ಬರೆಯಲು ಬರುತ್ತದೆ. ಲೆಕ್ಕ ಬರೆಯಲು ಬರುತ್ತದೆ. ಇದನ್ನು ಬರೆಯಲು ಕೂತು ಮೂರು ಹಾಳೆ ಹರಿದೆ.

ಆದೇಶ ಬಂದಾಗ ಟಾಂಗಾದವನು ಹಗ್ಗ ಹಿಡಿದು ಲಾಯದ ಮುಂದೆಯೇ ಇದ್ದ. ಪುತ್ತರಿ ಎಂದರೆ ಇವತ್ತೋ ನಾಳೆಯೋ ಎಂದು ಮೈಸೂರಿನಿಂದ ಮುಂಚೆಯೇ ಬಂದುಬಿಟ್ಟಿದ್ದ. ಮ್ಯಾನೇಜರರು ಕಾಗದವನ್ನು ಎರಡು ಸಲ ಓದಿ, ಇದೇನಯ್ಯ, ನನ್ನ ಕುದುರೆಗೆ ಸರ್ಕಾರಿ ಕೆಲಸ ಸಿಕ್ಕಿದೆ ಎಂದರು. ಆ ಮನುಷ್ಯನಿಗೆ ಬಸ್ ಚಾರ್ಜು ಕೊಟ್ಟು ಕಳಿಸಿದರು. ಜವರಯ್ಯ ಲಾಯದೊಳಗೆ ಹೋಗಿ ಕುದುರೆಯ ಕುತ್ತಿಗೆ ತಬ್ಬಿ ಅತ್ತ. ನಾನು ಹೊರಗೆ ನಿಂತೆ. ಅಷ್ಟೇ ವ್ಯತ್ಯಾಸ.

ನೀನು ಬಂದ ದಿನ ನಾನು ಅಡಗಿ ಕೂತದ್ದನ್ನು ಯಮುನ ಬರೆದಿದ್ದಾಳೆಂದು ಆಮೇಲೆ ತಿಳಿಯಿತು. ನಿಜ. ನಿನ್ನ ಕಾಗದ ಒಡೆಯದೆ ಕಳಿಸಿದ್ದೂ ನಿಜ. ಆಗ ಮಗುವಿಗೆ ಜ್ವರ ಬಿಟ್ಟು ಹತ್ತು ದಿನವಾಗಿತ್ತು. ಯಾರಾದರೂ ಅಯ್ಯೋ ಪಾಪ ಎಂದರೆ ಅವರನ್ನು ಹೊಡೆಯಬೇಕು ಎನಿಸುತ್ತಿತ್ತು. ನೀನು ಅಯ್ಯೋ ಪಾಪ ಎಂದಿರುತ್ತೀಯೆಂದು ಹೆದರಿದೆ. ನೀನು ಹೇಳಿದ್ದರೆ ನಾನು ಹೊಡೆಯುತ್ತಿರಲಿಲ್ಲ, ಕುಸಿಯುತ್ತಿದ್ದೆ. ತಪ್ಪಾಯಿತು, ಕ್ಷಮಿಸು.

ಗಜ, ನೀನು ನನಗೆ ಮಾಡಿದ್ದು ದೊಡ್ಡದು. ದೊಡ್ಡದು ಎಂಬುದನ್ನು ಬಿಟ್ಟರೆ ಬೇರೆ ಮಾತು ನನ್ನಲ್ಲಿಲ್ಲ. ನಾನು ಬದುಕಿರುವವರೆಗೆ ಈ ಮನೆಯಲ್ಲಿ ನಿನ್ನ ಹೆಸರನ್ನು ಯಾರೂ ಏಕವಚನದಲ್ಲಿ ಹೇಳುವುದಿಲ್ಲ, ನನ್ನನ್ನು ಬಿಟ್ಟು.

ಮೈಸೂರಿನ ವಿಚಾರದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿನ್ನ,
ಕುಶಾಲ

•

ಮಡಿಕೇರಿ
೫-೧೦-೧೯೫೯

ಕುಶಾಲ,

ನೀನು ಮನೆಯ ಕಾಗದ ಬರೆದು ಒಂಬತ್ತು ತಿಂಗಳಾಯಿತು. ಕಚೇರಿಗೆ ಮಾತ್ರ ಪ್ರತಿ ತಿಂಗಳು ಒಂದನೇ ತಾರೀಖು ತಪ್ಪದೆ ವರದಿ ಬರುತ್ತದೆ. ಅದರಲ್ಲಿ ಒಂದೇ ಪದ: ಯಥಾಸ್ಥಿತಿ. ಹತ್ತು ತಿಂಗಳು, ಹತ್ತು ಯಥಾಸ್ಥಿತಿ.

ನಾನು ಕೇಳಬಾರದೆಂದು ಸುಮ್ಮನಿದ್ದೆ. ಕೇಳಿದರೆ ನಿನಗೆ ನೋವಾದೀತು ಎಂಬ ಹೆದರಿಕೆ. ಈಗ ಸಮಿತಿಯವರು ನನ್ನನ್ನು ಕೇಳುತ್ತಿದ್ದಾರೆ. ಪ್ರಯೋಜನವಿಲ್ಲವೆಂದು ತಂದೆಯೇ ಬರೆಯುತ್ತಿರುವಾಗ ನವೆಂಬರಿನವರೆಗೆ ಯಾಕೆ ಕಾಯಬೇಕು ಎನ್ನುತ್ತಾರೆ. ಮಗುವನ್ನು ಕಣ್ಣಾರೆ ನೋಡದೆ ನಿಲ್ಲಿಸಲು ಷರತ್ತು ಒಪ್ಪುವುದಿಲ್ಲ ಎಂದು ತಡೆದಿದ್ದೇನೆ. ನೀನು ಬೇಗ ದಿನ ಗೊತ್ತು ಮಾಡು.

ಫಲ ಏನೇ ಆಗಿರಲಿ, ಒಂದು ಮಾತು. ಕಳೆದ ವರ್ಷ ನೀನು ಬರೆದ ಕಾಗದಕ್ಕೆ ನಾನು ಉತ್ತರ ಕೊಡಲಿಲ್ಲ. ಅದನ್ನು ಓದಿ ನನಗೂ ಬರೆಯಲು ಕೈ ಓಡಲಿಲ್ಲ. ಸ್ನೇಹಿತನೊಬ್ಬ ವಾಪಸು ಬಂದ, ಅದಕ್ಕೆ ನಾನು ಋಣಿ.

ನಮ್ಮ ಕಚೇರಿ ಈಗ ಬೇರೆ ಕಟ್ಟಡದ ಮಹಡಿಯ ಮೇಲಿದೆ. ಮೆಟ್ಟಿಲು ಕಡಿದು. ನೀನು ಮಗುವನ್ನು ಹೊತ್ತು ಹತ್ತುವುದು ಬೇಡ. ವೈದ್ಯರನ್ನು ಕರೆದುಕೊಂಡು ನಾನೇ ಕೆಳಗೆ ಬರುತ್ತೇನೆ. ಜಗಲಿಯಲ್ಲಿ ಒಂದು ಬೆಂಚು ಹಾಕಿಸಿಡುತ್ತೇನೆ.

ನಿನ್ನ,
ಗಜಾನನ

•

ಹೊನ್ನಿಕೊಪ್ಪ
೧-೧೧-೧೯೫೯

ಗಜ,

ಇವತ್ತು ನವೆಂಬರ್ ಒಂದು. ನಿನಗೆ ಹಬ್ಬ, ನನಗೆ ಭಾನುವಾರ. ಅದಕ್ಕೇ ಪುರುಸೊತ್ತಾಗಿ ಬರೆಯುತ್ತಿದ್ದೇನೆ.

ಆ ಯಥಾಸ್ಥಿತಿಯ ಅಪರಾಧಿಗಳು ಇಬ್ಬರು. ಜನವರಿಯಲ್ಲಿ ಪೂವಿ ಪಟ್ಟಿ ಬಿಚ್ಚಿ ಲಾಯದ ಕಂಬ ಹಿಡಿದು ನಿಂತಳು. ನಾನು ಕುಣಿದುಕೊಂಡು ವರದಿ ಬರೆಯಲು ಹೊರಟೆ. ಯಮುನ ಪೆನ್ನು ಕಿತ್ತುಕೊಂಡಳು. ಬರೆದರೆ ದೃಷ್ಟಿ ತಾಗುತ್ತದೆ, ಅಷ್ಟು ಜನ ಓದುವ ಕಾಗದ, ಯಾರ ಕಣ್ಣು ಹೇಗೋ ಎಂದಳು. ಮೂಢನಂಬಿಕೆ ಎಂದು ಗದರಿಸಿದೆ. ಗದರಿಸಿ, ಯಥಾಸ್ಥಿತಿ ಎಂದೇ ಬರೆದೆ. ಆಮೇಲೆ ಪ್ರತಿ ತಿಂಗಳೂ ಹಾಗೇ. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದ ವಾರ ಅವಳು ದೊಡ್ಡಿಯ ಜೂಲು ಹಿಡಿದು ಪಕ್ಕದಲ್ಲಿ ನಾಲ್ಕು ಹೆಜ್ಜೆ ಇಟ್ಟಳು. ಯಥಾಸ್ಥಿತಿ. ಜುಲೈಯಲ್ಲಿ ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ ಕೋಲೂರಿ ನಡೆದಳು. ಅದೂ ಯಥಾಸ್ಥಿತಿ. ನಿನಗೆ ಬರೆದರೆ ಬಾಯಿ ತಪ್ಪಿ ಹೇಳಿಬಿಡುತ್ತೇನೆಂದು ಮನೆಯ ಕಾಗದವನ್ನೂ ನಿಲ್ಲಿಸಿದೆ. ಅದರಿಂದ ನೀನು ಸಮಿತಿಯ ಮುಂದೆ ಒದ್ದಾಡಬೇಕಾಯಿತೆಂದು ಈಗ ತಿಳಿಯಿತು. ಯಮುನನಿಗೆ ನಿನ್ನ ಕಾಗದ ಓದಿ ಹೇಳಿದೆ. ಒಲೆಯ ಮುಂದೆ ಕೂತು ಅತ್ತಳು, ಆಮೇಲೆ ಬರೆಯಿರಿ ಎಂದಳು. ಇನ್ನೊಂದು ಎಚ್ಚರಿಕೆ ಪತ್ರ ಕಳಿಸುವುದಾದರೆ ಈ ಸಲ ಅವಳ ಹೆಸರಿಗೆ ಕಳಿಸು.

ಡಾಕ್ಟರ್ ನಂಜಪ್ಪನವರ ನಿಜವಾದ ವರದಿ ಇದರೊಂದಿಗಿದೆ. ಎಡಗಾಲು ಸ್ವಲ್ಪ ಎಳೆಯುತ್ತದೆ, ಅದು ಹಾಗೇ ಉಳಿಯಬಹುದು ಎನ್ನುತ್ತಾರೆ. ಉಳಿದರೆ ಉಳಿಯಲಿ. ಎಳೆದುಕೊಂಡೇ ಕೋಳಿ ಅಟ್ಟಿಸಿಕೊಂಡು ಹೋಗುತ್ತಾಳೆ.

ಇನ್ನೊಂದು ಅರ್ಜಿಯನ್ನೂ ಇಟ್ಟಿದ್ದೇನೆ. ಅದು ನನ್ನದಲ್ಲ. ಲೈನ್ ಮನೆಯಲ್ಲಿರುವ ಆಳು ನಿಂಗನ ಮಗಳಿಗೆ ಐದು ವರ್ಷ, ಅವಳಿಗೂ ಇದೇ ಕಾಯಿಲೆ. ನಿಂಗನಿಗೆ ಬರೆಯಲು ಬಾರದು, ಕೇಳಲು ನಾಚಿಕೆ. ರೋಗಿಯ ಹೆಸರು ಬದಲಾಗಿದೆ, ಸಹಾಯಕಿ ಅದೇ ದೊಡ್ಡಿ. ಪೂವಿಯೇ ಹೋಗಿ ಆ ಮಗುವನ್ನು ಕರೆದುಕೊಂಡು ಬಂದು, ಕುದುರೆಯ ಮೇಲೆ ಹೇಗೆ ಕೂರಬೇಕೆಂದು ತೋರಿಸಿಕೊಟ್ಟಳು. ಆ ಕೋಪಿಷ್ಠ ಪ್ಲಾಂಟರಿಗೂ ಹೇಳು, ಅವರ ಮೇಲೆ ನನಗೆ ಸಿಟ್ಟಿಲ್ಲ. ಬಂದು ಅವರೂ ನೋಡಲಿ.

ನಾವು ಹನ್ನೆರಡನೇ ತಾರೀಖು ಗುರುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇವೆ. ಮಹಡಿಯ ಮೆಟ್ಟಿಲ ವಿಷಯ ಪೂವಿಗೆ ಹೇಳಿದೆ. ಎಷ್ಟಿವೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಾಲ್ಕು ದಿನದಿಂದ ಮ್ಯಾನೇಜರರ ಬಂಗಲೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ.

ಅದಕ್ಕೇ ನಿನ್ನಲ್ಲಿ ಒಂದು ಕೇಳಿಕೆ. ಬೆಂಚು ಹಾಕಿಸಬೇಡ. ಅವಳ ಸದ್ದು ಕೇಳಿ ಎದ್ದು ಓಡಿ ಬರಲೂಬೇಡ. ನಾನು ಕೆಳಗೆ ನಿಂತಿರುತ್ತೇನೆ, ಕೈ ಕಟ್ಟಿಕೊಂಡು. ನೀನು ಮೇಲೆ ಕುರ್ಚಿಯಲ್ಲೇ ಕೂತಿರು. ಸ್ವಲ್ಪ ಹೊತ್ತಾದೀತು, ಆದರೆ ಬಾಗಿಲವರೆಗೂ ಅವಳೇ ಬರುತ್ತಾಳೆ.

ನಿನ್ನ,
ಕುಶಾಲ